ಪರೀಕ್ಷೆಗೆ ಒಂದು ಗಂಟೆ ಹೆಚ್ಚು, ಓದಿಗೆ ಎಷ್ಟು?

ಪ್ರತಿ ಗಂಟೆಗೆ ಇಪ್ಪತ್ತು ನಿಮಿಷ. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆಂದು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಲೆಕ್ಕ ಇದು. ಮೂರು ಗಂಟೆಯ ಪ್ರಶ್ನೆಪತ್ರಿಕೆಯಾದರೆ ಒಂದು ಗಂಟೆ ಹೆಚ್ಚು ಸಿಗುತ್ತದೆ, ಬೇಕಿದ್ದರೆ ಉತ್ತರ ಬರೆದುಕೊಡಲು ಒಬ್ಬ ಸ್ಕ್ರೈಬ್. ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು, ಇರುವ ಪದವಿ ವಿದ್ಯಾರ್ಥಿಗೆ ನಿಮ್ಮಲ್ಲಿ ಏನು ಅನುಕೂಲವಿದೆ ಎಂದು ಕಾಲೇಜುಗಳಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಇಷ್ಟೇ, ಅದೂ ಪ್ರಮಾಣಪತ್ರ ತಂದವರಿಗೆ. ಪರೀಕ್ಷೆ ನಡೆಯುವುದು ಸೆಮಿಸ್ಟರಿನ ಕೊನೆಯ ಎರಡು ಮೂರು ವಾರ. ಅದಕ್ಕೆ ಮುಂಚಿನ ನಾಲ್ಕು ತಿಂಗಳು ಆ ಹುಡುಗ ಅಥವಾ ಹುಡುಗಿ ಏನು ಓದಿದರು, ಹೇಗೆ ಓದಿದರು, ಓದಲು ಆಯಿತೇ ಇಲ್ಲವೇ ಎಂದು ಕೇಳುವವರಿಲ್ಲ. ಓದುವುದೇ ಕಷ್ಟವಾದ ವಿದ್ಯಾರ್ಥಿಗೆ ಬರೆಯಲು ಸಮಯ ಕೊಟ್ಟು ನಾವು ಕೈ ತೊಳೆದುಕೊಂಡಿದ್ದೇವೆ.

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಬಿ.ಎ. ಎರಡನೇ ವರ್ಷದ ಒಬ್ಬ ಹುಡುಗ ತಾಳಿಕೋಟೆ ಯುದ್ಧದ ಪಾಠವಾದ ದಿನ ಎದ್ದು ನಿಂತು ಕೇಳಿದ: 1565ರ ನಂತರವೂ ಅರಸರು ಪೆನುಕೊಂಡದಿಂದ ಆಳಿದ್ದಾರಲ್ಲ ಸರ್, ಹಾಗಾದರೆ ಸಾಮ್ರಾಜ್ಯ ಅಲ್ಲಿಗೇ ಮುಗಿಯಿತು ಎಂದು ಪುಸ್ತಕದಲ್ಲಿ ಏಕೆ ಇದೆ? ಇಷ್ಟು ವರ್ಷಗಳಲ್ಲಿ ನನಗೆ ಈ ಪ್ರಶ್ನೆ ಬಂದದ್ದು ಎರಡೋ ಮೂರೋ ಸಲ. ಎರಡು ವಾರದ ಮೇಲೆ ಆಂತರಿಕ ಪರೀಕ್ಷೆಯಲ್ಲಿ ಅದೇ ಹುಡುಗನಿಗೆ ಇಪ್ಪತ್ತಕ್ಕೆ ಏಳು ಅಂಕ. ಉತ್ತರ ಮುಕ್ಕಾಲು ಪುಟವಿತ್ತು. ‘ವಿಜಯನಗರ’ ಮೂರು ಕಡೆ ಮೂರು ರೀತಿಯಲ್ಲಿತ್ತು. ಏಳು ಕೊಟ್ಟವನು ನಾನೇ. ಓದಿಕೊಂಡು ಬಂದಿಲ್ಲ ಎಂದು ಅಂಚಿನಲ್ಲಿ ಷರಾ ಬರೆದವನೂ ನಾನೇ.

ಆಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಅವನನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಪುಟ ಓದಿಸಿದೆ. ಪರಿಚಿತ ಪದ ಬಂದಾಗ ಸರಾಗವಾಗಿ ಹೋಗುತ್ತಿದ್ದ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದ, ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡುತ್ತಿದ್ದ. ‘ವರ್ತಕರು’ ಎಂಬಲ್ಲಿ ಮೂರು ಸಲ ಪ್ರಯತ್ನಿಸಿದ. ಅರ್ಧ ಪುಟ ಮುಗಿಯಲು ಐದು ನಿಮಿಷ ಹಿಡಿಯಿತು. ಕೊನೆಯಲ್ಲಿ ಅರ್ಥ ಕೇಳಿದರೆ ತಪ್ಪಿಲ್ಲದೆ ಹೇಳಿದ. ಬೆವರುತ್ತಿದ್ದ.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವೆ ಎಂಬ ಜನಪ್ರಿಯ ವಿವರಣೆಯೂ ದಾರಿ ತಪ್ಪಿಸುತ್ತದೆ. ಹೆಚ್ಚಿನವರಲ್ಲಿ ತೊಡಕಿರುವುದು ಕಂಡ ಅಕ್ಷರವನ್ನು ಅದರ ಧ್ವನಿಗೆ ಜೋಡಿಸುವ ಕೆಲಸದಲ್ಲಿ. ಉಳಿದವರಿಗೆ ಏಳೆಂಟನೇ ವಯಸ್ಸಿನ ಹೊತ್ತಿಗೆ ಗಮನಕ್ಕೇ ಬಾರದಷ್ಟು ಸಲೀಸಾಗುವ ಈ ಜೋಡಣೆ ಇವರಿಗೆ ಪ್ರತಿ ಸಲವೂ ದುಡಿಮೆ. ಬಣ್ಣದ ಕನ್ನಡಕ, ವಿಶೇಷ ಫಾಂಟ್ ಎಂದು ಮಾರಾಟವಾಗುವ ಸರಕುಗಳಿಗೆ ಗಟ್ಟಿ ಪುರಾವೆ ಇಲ್ಲ. ಪೋಷಕರು ಆ ದುಡ್ಡು ಉಳಿಸಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ಈ ದುಡಿಮೆ ಹೇಗಿರುತ್ತದೆ ಎಂದು ನೋಡಲು ‘ವಿದ್ಯಾರ್ಥಿ’ ಎಂಬ ಪದವೊಂದೇ ಸಾಕು. ‘ದ್ಯಾ’ದಲ್ಲಿ ದೀರ್ಘ ಕುಳಿತಿರುವುದು ದಕಾರದ ಮೈಮೇಲೆ, ಯಕಾರ ಅದರ ಕಾಲ ಬುಡದಲ್ಲಿದೆ. ಬಾಯಲ್ಲಿ ಮಾತ್ರ ದೀರ್ಘ ಬರುವುದು ಯಕಾರವಾದ ಮೇಲೆ. ‘ರ್ಥಿ’ಯಲ್ಲಿ ಇನ್ನೂ ವಿಚಿತ್ರ. ಕಣ್ಣಿಗೆ ಮೊದಲು ‘ಥಿ’ ಸಿಗುತ್ತದೆ, ಬಲಗಡೆಗೆ ಅರ್ಕಾವೊತ್ತು ಸಿಗುತ್ತದೆ. ಉಚ್ಚರಿಸುವಾಗ ರಕಾರ ಮೊದಲು, ‘ಥಿ’ ಆಮೇಲೆ. ಅಂದರೆ ಕಣ್ಣು ಒಂದು ಹೆಜ್ಜೆ ಮುಂದಕ್ಕೆ ಹೋಗಿ, ನೋಡಿದ್ದನ್ನು ಹಿಡಿದಿಟ್ಟುಕೊಂಡು, ಹಿಂದಕ್ಕೆ ಬರಬೇಕು. ನಮ್ಮ ರಾಜ್ಯದ ಹೆಸರಿನಲ್ಲೂ ಇದೇ ಕಸರತ್ತು ಇದೆ. ಕಾಗುಣಿತದ ರೂಪಗಳೇ ನಾನೂರು ದಾಟುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಇಂಗ್ಲಿಷ್ ಅಕ್ಷರಮಾಲೆಯ ಹಾಗೆ ಮೊದಲೊಂದೆರಡು ವರ್ಷಕ್ಕೆ ಮುಗಿಯುವ ಕಲಿಕೆ ಇದಲ್ಲ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ.

ಆದರೂ ಕನ್ನಡದಲ್ಲಿ ಒಂದು ದಯೆ ಇದೆ. ಅಕ್ಷರ ಗೊತ್ತಾದರೆ ಉಚ್ಚಾರ ಗೊತ್ತಾದಂತೆಯೇ. ಅದಕ್ಕೇ ನಿಧಾನವಾಗಿಯಾದರೂ ತಪ್ಪಿಲ್ಲದೆ ಓದಿ, ಉಳಿದದ್ದನ್ನು ಉರು ಹೊಡೆದು ಪಿಯುಸಿವರೆಗೆ ಬಂದುಬಿಡುವ ಮಕ್ಕಳಿದ್ದಾರೆ. ಮೇಷ್ಟರು ಹೇಳಿದ್ದನ್ನು ಕಿವಿಯಲ್ಲಿ ಹಿಡಿದು, ಅಕ್ಕನಿಂದಲೋ ಗೆಳೆಯನಿಂದಲೋ ಓದಿಸಿಕೊಂಡು ದಾಟುತ್ತಾರೆ. ಡಿಗ್ರಿಗೆ ಬಂದ ಕೂಡಲೇ ಹಲವು ಕೋರ್ಸುಗಳಲ್ಲಿ ಪಠ್ಯ ಇಂಗ್ಲಿಷಿಗೆ ತಿರುಗುತ್ತದೆ. ‘ದೋ’, ‘ಥ್ರೂ’, ‘ಟಫ್’ ಮೂರರ ಬಾಲವೂ ಒಂದೇ ನಾಲ್ಕು ಅಕ್ಷರಗಳಾಗಿರುವ (ough) ಭಾಷೆ ಅದು. ಅಲ್ಲಿ ಇವರು ಕುಸಿಯುತ್ತಾರೆ. ಕುಸಿತಕ್ಕೆ ಕಾರಣವಾಗಿ ನಮ್ಮ ಕೈಯಲ್ಲಿ ಸಿದ್ಧ ಉತ್ತರವೂ ಇದೆ: ಪಾಪ, ಕನ್ನಡ ಮೀಡಿಯಂ. ಆ ಅನುಕಂಪ ಎಷ್ಟು ಡಿಸ್ಲೆಕ್ಸಿಯಾಗಳನ್ನು ಮುಚ್ಚಿಹಾಕಿದೆಯೋ.

ಈ ಮಾತಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆಯೇ ನಡೆದ ಒಂದು ಪ್ರಸಿದ್ಧ ಪುರಾವೆ ಇದೆ. 2001ರಲ್ಲಿ ಪಾವ್ಲೇಸು ಮತ್ತು ಸಂಗಡಿಗರು ಡಿಸ್ಲೆಕ್ಸಿಯಾ ಇರುವ ಇಟಲಿ, ಫ್ರಾನ್ಸ್, ಬ್ರಿಟನ್ನಿನ ವಿದ್ಯಾರ್ಥಿಗಳನ್ನು ಹೋಲಿಸಿದರು. ಬರೆದಂತೆಯೇ ಓದುವ ಭಾಷೆಯಾದ್ದರಿಂದ ಇಟಲಿಯವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದಿದರು. ಆದರೆ ತಮ್ಮದೇ ದೇಶದ ಸಾಮಾನ್ಯ ಓದುಗರಿಗೆ ಹೋಲಿಸಿದಾಗ ಅವರೂ ಅಷ್ಟೇ ಹಿಂದೆ. ಓದುವಾಗ ಮಿದುಳಿನ ಎಡಭಾಗದಲ್ಲಿ ಚಟುವಟಿಕೆ ಕುಗ್ಗುವ ಜಾಗವೂ ಮೂರು ದೇಶದವರಲ್ಲಿ ಒಂದೇ. ಕನ್ನಡ ಈ ವಿಷಯದಲ್ಲಿ ಇಟಾಲಿಯನ್ನಿನ ಕಡೆಯದು. ಇಲ್ಲಿ ತಪ್ಪು ಎಣಿಸಿದರೆ ಡಿಸ್ಲೆಕ್ಸಿಯಾ ತಪ್ಪಿಸಿಕೊಳ್ಳುತ್ತದೆ, ಗಡಿಯಾರ ಹಿಡಿದು ಕುಳಿತರೆ ಸಿಗುತ್ತದೆ.

ಎಷ್ಟು ಜನ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದಕ್ಕೆ ಒಂದು ಒರಟು ಅಂದಾಜು ಸಾಧ್ಯ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಶಾಲಾ ವಯಸ್ಸಿನ ಮಕ್ಕಳಲ್ಲಿ ಡಿಸ್ಲೆಕ್ಸಿಯಾ ಸೇರಿದ ಕಲಿಕಾ ನ್ಯೂನತೆಯ ಪ್ರಮಾಣ ಶೇ 5ರಿಂದ 15 ಎನ್ನುತ್ತದೆ. ನಮ್ಮ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಉನ್ನತ ಶಿಕ್ಷಣದಲ್ಲಿದ್ದವರು 4.33 ಕೋಟಿ, ಅವರಲ್ಲಿ ಎಲ್ಲ ಬಗೆಯ ಅಂಗವಿಕಲರೂ ಸೇರಿ ಸುಮಾರು 89 ಸಾವಿರ. ಎಲ್ಲ ಸೇರಿಯೂ ಶೇ 0.25ರಷ್ಟೂ ಇಲ್ಲ. ಓದಿನ ತೊಂದರೆ ಇರುವ ಬಹಳ ಮಕ್ಕಳು ಕಾಲೇಜಿನವರೆಗೆ ಬರುವುದೇ ಇಲ್ಲ, ನಿಜ. ಬಂದವರೂ ಲೆಕ್ಕದ ಪುಸ್ತಕದಲ್ಲಿ ಇಲ್ಲ ಎಂಬುದೂ ಅಷ್ಟೇ ನಿಜ.

ಲೆಕ್ಕಕ್ಕೆ ಬರಲು ಪ್ರಮಾಣಪತ್ರ ಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಹಿಗ್ಗಿಸಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆಗೂ ಅದರಲ್ಲಿ ಜಾಗ ಸಿಕ್ಕಿತು; ಡಿಸ್ಲೆಕ್ಸಿಯಾದ ಹೆಸರು ಅನುಸೂಚಿಯಲ್ಲೇ ಇದೆ. 2018ರ ಜನವರಿಯ ಮಾರ್ಗಸೂಚಿ ತಪಾಸಣೆಯ ಕ್ರಮವನ್ನು ಹೇಳಿತು: ಎಂಟನೇ ವಯಸ್ಸಿಗೆ ಮೊದಲ ಪ್ರಮಾಣಪತ್ರ, ಹದಿನಾಲ್ಕಕ್ಕೆ ಮತ್ತೆ, ಹದಿನೆಂಟಕ್ಕೆ ಕೊನೆಯದು, ಆ ಕೊನೆಯದು ಜೀವನಪೂರ್ತಿ ಸಿಂಧು. ಎಂಟರಲ್ಲಿ ಸಿಕ್ಕಿಬೀಳದ ಮಗು ಹತ್ತೊಂಬತ್ತರಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದರೆ? ಆ ಮಾರ್ಗಸೂಚಿ ಹೆಸರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಗುಚ್ಛವನ್ನು. ಅದರ ಎರಡು ಹಂತಗಳಲ್ಲಿ ಮೊದಲನೆಯದು ಐದರಿಂದ ಏಳು ವರ್ಷದವರಿಗೆ, ಎರಡನೆಯದು ಎಂಟರಿಂದ ಹನ್ನೆರಡರವರಿಗೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ‘ಡಾಲಿ’ ಎಂಬ ತಪಾಸಣಾ ಸಾಧನ ಕನ್ನಡದಲ್ಲೂ ಇದೆ ಎಂಬುದು ಸಂತೋಷದ ವಿಷಯ, ಅದೂ ಪ್ರಾಥಮಿಕ ಶಾಲೆಯ ಮಕ್ಕಳಿಗೆ. ಹತ್ತೊಂಬತ್ತು ವರ್ಷದ, ಮೀಸೆ ಬಂದ ಹುಡುಗ ಹನ್ನೆರಡು ವರ್ಷದ ಮಗುವಿಗೆ ಮಾಡಿದ ಪದಪಟ್ಟಿಯನ್ನು ಓದಬೇಕು. ಅಷ್ಟು ವರ್ಷದ ಪರಿಶ್ರಮದಿಂದ ಅವನು ಅದನ್ನು ಓದಿಯೂಬಿಡಬಹುದು. ಓದಿದನಲ್ಲ, ತೊಂದರೆ ಇಲ್ಲ ಎಂದು ಬರೆದುಕೊಟ್ಟರೆ ಮುಗಿಯಿತು.

ಇನ್ನು ಶೇ 40ರ ಕಥೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕಾಯ್ದೆ ಹಾಕಿರುವ ಗೆರೆ ಅದು: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಈ ಗೆರೆ ದಾಟಿದವರಿಗೆ. ಕೈಕಾಲಿನ ಶಕ್ತಿಯನ್ನು, ಕಣ್ಣಿನ ದೃಷ್ಟಿಯನ್ನು ಅಳೆಯುವ ಕ್ರಮವಿದೆ. ಓದಿನ ತೊಡಕನ್ನು ಶೇಕಡಾದಲ್ಲಿ ಅಳೆಯುವ ಮಾಪಕ ಯಾರ ಬಳಿ ಇದೆ? ಈ ಪ್ರಶ್ನೆಗೆ ಸರ್ಕಾರಿ ದಾಖಲೆಯಲ್ಲೇ ಪ್ರಾಮಾಣಿಕ ಉತ್ತರ ಸಿಗುತ್ತದೆ. 2019ರಲ್ಲಿ ವೈದ್ಯಕೀಯ ಪದವಿ ಪ್ರವೇಶದ ನಿಯಮಗಳಿಗೆ ಸೇರಿಸಿದ ಅಂಗವೈಕಲ್ಯದ ಕೋಷ್ಟಕದಲ್ಲಿ ಒಂದು ಸಣ್ಣ ಟಿಪ್ಪಣಿ ಇದೆ. ಕಲಿಕಾ ನ್ಯೂನತೆಯ ತೀವ್ರತೆಯನ್ನು ಅಳೆಯುವ ಮಾಪಕ ಸದ್ಯಕ್ಕಿಲ್ಲ, ಆದ್ದರಿಂದ ಶೇ 40ರ ಮಿತಿಗೆ ಶಾಸ್ತ್ರೀಯ ಆಧಾರವಿಲ್ಲ, ಹೆಚ್ಚಿನ ಪುರಾವೆ ಬೇಕು ಎಂಬುದು ಅದರ ಸಾರ. ಆಧಾರವಿಲ್ಲ ಎಂದು ತಾನೇ ಒಪ್ಪಿಕೊಂಡ ಗೆರೆಯ ಆಚೆ ಈಚೆ ನಿಂತು ಮಕ್ಕಳು ಡಾಕ್ಟರಾಗುವುದೋ ಬಿಡುವುದೋ ತೀರ್ಮಾನವಾಗುತ್ತಿತ್ತು.

ಸುಪ್ರೀಂ ಕೋರ್ಟ್ ಈ ಗೆರೆಯನ್ನು ಒಂದೊಂದಾಗಿ ಸಡಿಲಿಸುತ್ತಾ ಬಂದಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಎಂಬಿಬಿಎಸ್ ಪದವೀಧರನಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್ ನಿರಾಕರಿಸಿದ್ದ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ, ಬರೆಯುವ ತೊಂದರೆ ನಿಜವಿದ್ದರೆ ಶೇ 40 ಇರಲೇಬೇಕೆಂದಿಲ್ಲ ಎಂದಿತು. ಅದೇ ವರ್ಷದ ನವೆಂಬರಿನ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬರವಣಿಗೆಯ ನ್ಯೂನತೆ ಇದ್ದ, ಶೇ 40ರ ಪ್ರಮಾಣಪತ್ರವೂ ಇದ್ದ ವಿದ್ಯಾರ್ಥಿನಿಗೆ ನೀಟ್ ಪರೀಕ್ಷಾ ಕೇಂದ್ರದಲ್ಲಿ ಆ ಹೆಚ್ಚುವರಿ ಗಂಟೆಯನ್ನು ಕೊಡಲೇ ಇಲ್ಲ, ಮೂರು ಗಂಟೆಗೆ ಉತ್ತರಪತ್ರಿಕೆ ಕಿತ್ತುಕೊಂಡರು. ಮರುಪರೀಕ್ಷೆಗೆ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಲಕ್ಷಾಂತರ ಜನ ಬರೆಯುವ ಪರೀಕ್ಷೆಯಲ್ಲಿ ಒಬ್ಬರಿಗೆ ಆದ ಅನ್ಯಾಯವನ್ನು ಹಾಗೆಯೇ ಮರೆತುಬಿಡುವಂತಿಲ್ಲ ಎಂದು ಪರೀಕ್ಷಾ ಸಂಸ್ಥೆಗೆ ಪರಿಹಾರದ ದಾರಿ ಹುಡುಕಲು ಹೇಳಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಸ್ಕ್ರೈಬ್, ಹೆಚ್ಚುವರಿ ಸಮಯದಂಥ ಸೌಲಭ್ಯವನ್ನು ಶೇ 40ರ ಮಿತಿಯಿಲ್ಲದೆ ಎಲ್ಲ ಅಂಗವಿಕಲ ಅಭ್ಯರ್ಥಿಗಳಿಗೂ ವಿಸ್ತರಿಸುವಂತೆ ಸೂಚಿಸಿತು. ಒಳ್ಳೆಯ ತೀರ್ಪುಗಳು. ಮೂರೂ ಪರೀಕ್ಷಾ ಕೊಠಡಿಯ ಬಗ್ಗೆಯೇ ಇವೆ ಎಂಬುದನ್ನು ಮಾತ್ರ ಗಮನಿಸಬೇಕು. ತರಗತಿಯಲ್ಲಿ ಓದಲಾಗಲಿಲ್ಲ ಎಂದು ಯಾರೂ ದೆಹಲಿಯವರೆಗೆ ಹೋಗುವುದಿಲ್ಲ.

ಸ್ಕ್ರೈಬ್ ಎಂಬ ಪರಿಹಾರವನ್ನೂ ಹತ್ತಿರದಿಂದ ನೋಡಬೇಕು. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್ ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿರಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ನಕಲು ತಡೆಯಲು ಮಾಡಿದ್ದು, ಅರ್ಥವಾಗುತ್ತದೆ. ಆದರೆ ಪದವಿಯ ಹುಡುಗಿ ‘ಮೌರ್ಯೋತ್ತರ’ ಎಂದು ಹೇಳಿದರೆ ಪಿಯುಸಿಯ ಸ್ಕ್ರೈಬ್ ಪೆನ್ನು ನಿಲ್ಲಿಸಿ ಹೇಗೆ ಬರೆಯುವುದು ಎಂದು ಕೇಳುತ್ತಾನೆ. ಕಾಗುಣಿತವೇ ಕಷ್ಟವಾಗಿ ಅವನನ್ನು ಕರೆಸಿಕೊಂಡವಳನ್ನು! ಹದಿನೈದು ವರ್ಷ ಬರೆದೇ ಅಭ್ಯಾಸವಾದವರಿಗೆ ಇದ್ದಕ್ಕಿದ್ದಂತೆ ಹೇಳಿ ಬರೆಸಲು ಬರುವುದೂ ಇಲ್ಲ. ಅದು ಬೇರೆಯೇ ವಿದ್ಯೆ, ಅಭ್ಯಾಸ ಮಾಡಿಸಬೇಕು. ಡಿಸ್ಲೆಕ್ಸಿಯಾ ಇರುವ ಅನೇಕರಿಗೆ ಸ್ಕ್ರೈಬಿಗಿಂತ ಪ್ರಶ್ನೆಯನ್ನು ಓದಿ ಹೇಳುವವರು ಬೇಕು, ಅಥವಾ ಟೈಪ್ ಮಾಡಲು ಕಂಪ್ಯೂಟರ್ ಬೇಕು. ಮಾರ್ಗಸೂಚಿಯಲ್ಲಿ ಎರಡಕ್ಕೂ ಅವಕಾಶವಿದೆ. ಅರ್ಜಿ ನಮೂನೆಯಲ್ಲಿ ಕಾಣುವುದು ಮಾತ್ರ ‘ಸ್ಕ್ರೈಬ್ ಬೇಕು, ಬೇಡ’ ಎಂಬ ಎರಡು ಚೌಕ.

ಕಾಯ್ದೆಯ 16ನೇ ಸೆಕ್ಷನ್ ಓದಿದರೆ ಕಾಲೇಜಿನ ಹೊಣೆ ಪರೀಕ್ಷೆಯ ಆಚೆಗೂ ಇರುವುದು ಸ್ಪಷ್ಟ. ಮಾನ್ಯತೆ ಪಡೆದ ಪ್ರತಿ ಶಿಕ್ಷಣ ಸಂಸ್ಥೆಯೂ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎನ್ನುತ್ತದೆ ಅದು. ಮುಂದಿನ ಸೆಕ್ಷನ್ನಿನಲ್ಲಿ ಎಡವಟ್ಟು ಇದೆ: ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳನ್ನು ಉಚಿತವಾಗಿ ಕೊಡುವ ಮಾತು ಹದಿನೆಂಟು ವರ್ಷದವರೆಗೆ ಮಾತ್ರ. ಓದಿನ ಹೊರೆ ಬೆಟ್ಟದಷ್ಟಾಗುವುದು ಅಲ್ಲಿಂದ ಮುಂದೆಯೇ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮತೆಯ ಮಾರ್ಗಸೂಚಿ ಹೊರಡಿಸಿತು. ಕಾಲೇಜುಗಳಲ್ಲಿ ಅದರ ಫಲವಾಗಿ ಕಣ್ಣಿಗೆ ಬಿದ್ದದ್ದು ರ‍್ಯಾಂಪ್. ರ‍್ಯಾಂಪ್ ಖಂಡಿತ ಬೇಕು. ಅದರ ಫೋಟೊ ತೆಗೆದು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಗೆ ಹಚ್ಚಬಹುದು. ಓದುವ ಪಟ್ಟಿಯನ್ನು ಮೂರು ವಾರ ಮೊದಲೇ ಕೊಟ್ಟ ಅಧ್ಯಾಪಕನ ಫೋಟೊ ತೆಗೆಯಲು ಬರುವುದಿಲ್ಲ.

ನಿಜವಾಗಿ ಬೇಕಾದದ್ದು ಬಹಳವೇನಲ್ಲ. ಮೊದಲನೆಯದು, ನೋಟ್ಸ್ ಬರೆಸುವುದನ್ನು ನಿಲ್ಲಿಸಬೇಕು. ನಮ್ಮ ಎಷ್ಟೋ ಡಿಗ್ರಿ ಕಾಲೇಜುಗಳಲ್ಲಿ ಪಾಠವೆಂದರೆ ಇಂದಿಗೂ ಹಳದಿ ಬಣ್ಣಕ್ಕೆ ತಿರುಗಿದ ಹಾಳೆಯಿಂದ ಮೇಷ್ಟರು ಹೇಳುವುದು, ಅರವತ್ತು ಜನ ತಲೆ ತಗ್ಗಿಸಿ ಬರೆದುಕೊಳ್ಳುವುದು. ಕೇಳಿ ಗ್ರಹಿಸುವುದೇ ಬಲವಾದ ವಿದ್ಯಾರ್ಥಿಯನ್ನು ಬರವಣಿಗೆಗೆ ಕಟ್ಟಿಹಾಕಿದರೆ ಅವನ ಕಿವಿಯೂ ಹೋಯಿತು, ಕೈಯೂ ಸೋತಿತು. ಅದೇ ನೋಟ್ಸನ್ನು ಹಿಂದಿನ ದಿನ ಫೈಲಾಗಿ ಕಳುಹಿಸಿ, ತರಗತಿಯಲ್ಲಿ ಮಾತಾಡಿದರೆ ಅರವತ್ತು ಜನಕ್ಕೂ ಲಾಭ. ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಡಬೇಕು. ನಾವು ಹೇಳುವುದರಲ್ಲಿ ಗುಟ್ಟೇನಿದೆ? ಹತ್ತು ಪುಸ್ತಕದ ಪಟ್ಟಿ ಕೊಡುವಾಗ ಯಾವ ಎರಡು ಅಧ್ಯಾಯ ತಪ್ಪದೇ ಓದಬೇಕು ಎಂದು ಗುರುತು ಹಾಕಬೇಕು. ಬ್ರಿಟನ್ನಿಗೆ ಎಂ.ಎಸ್ಸಿ.ಗೆ ಹೋದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಅಲ್ಲಿ ಡಿಸ್ಲೆಕ್ಸಿಯಾ ಪತ್ತೆಯಾಯಿತು. ವಿದೇಶಿ ವಿದ್ಯಾರ್ಥಿಯಾದ್ದರಿಂದ ಅಲ್ಲಿನ ಸರ್ಕಾರದ ಭತ್ಯೆ ಸಿಗಲಿಲ್ಲ, ಆದರೆ 2010ರ ಸಮಾನತಾ ಕಾಯ್ದೆಯ ಪ್ರಕಾರ ವಿಶ್ವವಿದ್ಯಾಲಯ ಹೊಂದಾಣಿಕೆ ಮಾಡಲೇಬೇಕಿತ್ತು. ಅವಳಿಗೆ ಸಿಕ್ಕಿದ್ದು ಈ ಮೂರು ಸಂಗತಿಗಳೇ, ಜೊತೆಗೆ ಗ್ರಂಥಾಲಯದ ಪುಸ್ತಕ ಇಟ್ಟುಕೊಳ್ಳಲು ಹೆಚ್ಚು ದಿನ. ಇಲ್ಲಿ ಐದು ವರ್ಷ ಓದಿದಾಗ ನಮಗೇಕೆ ಗೊತ್ತಾಗಲಿಲ್ಲ ಎಂದು ಅವಳು ಕೇಳಲಿಲ್ಲ, ಸದ್ಯ.

ಸಹೋದ್ಯೋಗಿಗಳು ಎತ್ತುವ ಆಕ್ಷೇಪವೊಂದಿದೆ: ಕಾಗುಣಿತಕ್ಕೆ ಅಂಕ ಕಳೆಯದಿದ್ದರೆ ಉಳಿದವರಿಗೆ ಅನ್ಯಾಯವಲ್ಲವೇ? ಪ್ರಶ್ನೆಪತ್ರಿಕೆ ಅಳೆಯಲು ಹೊರಟಿರುವುದು ಏನನ್ನು ಎಂದು ಮೊದಲು ಕೇಳಿಕೊಳ್ಳಬೇಕು. ಭಾಷಾ ಪತ್ರಿಕೆಯಲ್ಲಿ, ಅನುವಾದದಲ್ಲಿ, ಔಷಧದ ಹೆಸರು ಬರೆಯುವಲ್ಲಿ ಅಕ್ಷರ ಮುಖ್ಯ. ಅಲ್ಲಿ ರಿಯಾಯಿತಿಗೆ ಮಿತಿ ಇರಲೇಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಇತಿಹಾಸದಲ್ಲಿ, ಅರ್ಥಶಾಸ್ತ್ರದಲ್ಲಿ ಅಕ್ಷರ ವಾಹನ ಮಾತ್ರ. ಸುಳ್ಳು ಪ್ರಮಾಣಪತ್ರದ ಭಯವೂ ಇದೆ. ಆದರೆ ಮೊದಲೇ ನೋಟ್ಸ್ ಕೊಡುವುದಕ್ಕೆ, ರೆಕಾರ್ಡ್ ಮಾಡಲು ಬಿಡುವುದಕ್ಕೆ ಪ್ರಮಾಣಪತ್ರವೇ ಬೇಕಿಲ್ಲ, ಎಲ್ಲರಿಗೂ ಕೊಟ್ಟರಾಯಿತು. ಎಲ್ಲರಿಗೂ ಕೊಟ್ಟದ್ದನ್ನು ಸುಳ್ಳು ಹೇಳಿ ಪಡೆಯುವವರು ಯಾರು?

ಇನ್ನುಳಿದದ್ದು ಓದಿ ಹೇಳುವ ತಂತ್ರಾಂಶ. ಇಂಗ್ಲಿಷಿನಲ್ಲಿ ಇದು ಹಳೆಯ ಮಾತು, ಈಗ ಸಾಮಾನ್ಯ ಆಂಡ್ರಾಯ್ಡ್ ಫೋನೂ ಕನ್ನಡ ಓದುತ್ತದೆ. ಕಾನೂನಿನ ಅಡ್ಡಿಯೂ ಇಲ್ಲ. ಅಂಗವಿಕಲರು ಬಳಸಬಲ್ಲ ರೂಪಕ್ಕೆ ಪುಸ್ತಕವನ್ನು ಮಾರ್ಪಡಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಿಂದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಅಡ್ಡಿ ಇರುವುದು ನಮ್ಮ ಕಂಪ್ಯೂಟರಿನಲ್ಲಿ. ಕಾಲೇಜುಗಳಲ್ಲಿ ಓಡಾಡುವ ಕನ್ನಡ ನೋಟ್ಸಿನಲ್ಲಿ ಬಹುಪಾಲು ಜೆರಾಕ್ಸ್ ಅಂಗಡಿಯ ಸ್ಕ್ಯಾನ್ ಪ್ರತಿ, ಅದು ಫೋನಿಗೆ ಬರೀ ಚಿತ್ರ. ಉಳಿದದ್ದು ಹಳೆಯ ‘ನುಡಿ’ಯಲ್ಲೋ ‘ಬರಹ’ ತಂತ್ರಾಂಶದಲ್ಲೋ ಟೈಪ್ ಮಾಡಿದ್ದು. ಪರದೆಯ ಮೇಲೆ ಕನ್ನಡದ ಹಾಗೆ ಕಾಣುವ ಆ ಫೈಲಿನ ಹೊಟ್ಟೆಯಲ್ಲಿ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಓದಲು ಹೇಳಿದರೆ ಫೋನು ಪಿಶಾಚಿ ಹಿಡಿದವರ ಹಾಗೆ ಬಡಬಡಿಸುತ್ತದೆ.

ನನ್ನ ವಿಜಯನಗರದ ನೋಟ್ಸೂ ಅಂಥದ್ದೇ ಹದಿನಾಲ್ಕು ಪುಟದ ಫೈಲು. ಪರಿವರ್ತಕ ತಂತ್ರಾಂಶಕ್ಕೆ ಹಾಕಿ, ಫೋನಿಗೆ ಕನ್ನಡ ಅಕ್ಷರವಾಗಿಯೇ ಅರ್ಥವಾಗುವ ಯೂನಿಕೋಡಿಗೆ ಬದಲಿಸಿದೆ, ಹತ್ತು ನಿಮಿಷದ ಕೆಲಸ. ಹಳೆಯ ಫಾಂಟುಗಳು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಟ್ಟುಕೊಂಡಿರುತ್ತವೆ, ಯೂನಿಕೋಡ್ ಉಚ್ಚಾರದಂತೆ ಮುಂಚೆ ಇಡುತ್ತದೆ. ಪರಿವರ್ತಕ ಅಲ್ಲಲ್ಲಿ ಎಡವಿ ‘ವರ್ತಕರು’ ‘ವತರ್ಕರು’ ಆಗಿತ್ತು, ‘ದುರ್ಗ’ ‘ದುಗರ್’ ಆಗಿತ್ತು. ಕೂತು ಓದಿ ಆರು ತಪ್ಪು ಹುಡುಕಿ ತಿದ್ದಿ ಹುಡುಗನಿಗೆ ಕಳುಹಿಸಿದೆ. ಅವನು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದನಂತೆ. ಬೆಳಿಗ್ಗೆ ಬಂದು, ಇನ್ನೂ ಐದು ಕಡೆ ತಪ್ಪಿದೆ ಸರ್ ಎಂದು ಪುಟಸಂಖ್ಯೆ ಸಮೇತ ಹೇಳಿದ.